ಗಾಳದವರ ಸಮುದ್ರ, ಬಲೆಯವರ ಸಮುದ್ರ

ಮಲೇಷ್ಯಾದ ಕುವಾಲಾ ರೊಂಪಿನ್, ಥಾಯ್ಲೆಂಡಿನ ಫುಕೆಟ್, ಮಾಲ್ದೀವ್ಸ್‌ನ ಹವಳದ್ವೀಪಗಳು, ಇಂಡೊನೇಷ್ಯಾದ ಸುಂಬಾವಾ, ಫಿಲಿಪ್ಪೀನ್ಸ್‌ನ ಸಿಯಾರ್ಗಾವ್, ನಮ್ಮದೇ ಅಂಡಮಾನ್. ಉಷ್ಣವಲಯದ ಏಷ್ಯಾದ ಆಳಸಮುದ್ರದಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುವವರ ಬಾಯಲ್ಲಿ ಸದಾ ಓಡಾಡುವ ಹೆಸರುಗಳಿವು. ಹೊಟ್ಟೆಪಾಡಿನ ಹಂಗಿಲ್ಲದೆ, ಸೆಣಸಾಟದ ಸುಖವೊಂದಕ್ಕೇ ಮೀನು ಹಿಡಿಯುವ ಈ ಆಟದ ತಾಣಗಳನ್ನು ಪ್ರವಾಸದ ಕಂಪನಿಗಳು ಅಳೆಯುವ ಕೋಲು ಒಂದೇ: ಎಲ್ಲಿ ಮೀನು ದೊಡ್ಡದು, ಎಲ್ಲಿ ದಿನಕ್ಕೆ ಹೆಚ್ಚು ಸಲ ಕಚ್ಚುತ್ತದೆ. ಈ ಅಳತೆ ಗಿರಾಕಿಯನ್ನು ಕರೆತರಲು ಸಾಕು, ತಾಣವನ್ನು ಅರಿಯಲು ಸಾಲದು. ಒಂದು ಕಡಲಿನಲ್ಲಿ ಹತ್ತು ವರ್ಷದ ಮೇಲೂ ಗಾಳಕ್ಕೆ ದೊಡ್ಡ ಮೀನು ಸಿಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಕಡಲಿನಲ್ಲಿ ಯಾವ ಬಲೆ ಓಡುತ್ತದೆ, ಯಾರ ಬಲೆ ಓಡುತ್ತದೆ ಎಂಬ ಸಂಗತಿ. ಜೊತೆಗೆ, ಬದುಕಿ ಈಜುವ ಮೀನಿನಿಂದ ಬರುವ ಹಣದಲ್ಲಿ ಬಲೆ ಬೀಸುವವನಿಗೆ ಪಾಲುಂಟೇ ಎಂಬ ಸಂಗತಿ. ಹೀಗಾಗಿ ಕ್ರೀಡಾ ಮೀನುಗಾರಿಕೆಯನ್ನು ಪ್ರವಾಸೋದ್ಯಮದ ಕಡತದಲ್ಲಿಟ್ಟು ನೋಡುವ ಕ್ರಮವೇ ತಪ್ಪು, ಅದು ಮೀನುಗಾರಿಕೆಯ ಆಡಳಿತಕ್ಕೆ ಸೇರಿದ ವಿಷಯ ಎಂಬುದು ಈ ಲೇಖನದ ವಾದ.

ಈ ಆಟ ಹುಟ್ಟಿದ್ದು ಏಷ್ಯಾದಲ್ಲಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯ ಕ್ಯಾಟಲಿನಾ ದ್ವೀಪದಲ್ಲಿ 1898ರಲ್ಲಿ ಆರಂಭವಾದ ಟ್ಯೂನಾ ಕ್ಲಬ್ ಅದಕ್ಕೆ ಮೊದಲ ನಿಯಮಗಳನ್ನು ಕೊಟ್ಟಿತು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘ ದಾಖಲೆಗಳ ಲೆಕ್ಕ ಇಡತೊಡಗಿತು. ಜೇನ್ ಗ್ರೇ, ಹೆಮಿಂಗ್ವೇ ಮೊದಲಾದವರು ಅದಕ್ಕೆ ಸಾಹಿತ್ಯದ ಮೆರುಗು ಕೊಟ್ಟರು. ಅದರ ತವರು ಅಮೆರಿಕ, ಕ್ಯೂಬಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಏಷ್ಯಾದ ಬಿಸಿ ಕಡಲುಗಳು ಬಹಳ ತಡವಾಗಿ ಈ ನಕ್ಷೆಯ ಮೇಲೆ ಬಂದವು, ಬರುವಾಗ ತಮ್ಮದೇ ರೀತಿಯಲ್ಲಿ ಬಂದವು. ಅಮೆರಿಕದವರದು ಓಡುವ ದೋಣಿಯ ಹಿಂದೆ ಎರೆ ಎಳೆಯುತ್ತ ಮಾರ್ಲಿನ್‌ಗಾಗಿ ಕಾಯುವ ಕ್ರಮ. ಏಷ್ಯಾದಲ್ಲಿ ಹೆಚ್ಚು ಬೇರೂರಿದ್ದು ಜಪಾನೀಯರು ರೂಢಿಸಿದ ಪಾಪಿಂಗ್ ಮತ್ತು ಜಿಗ್ಗಿಂಗ್. ಮೊದಲನೆಯದರಲ್ಲಿ ಹವಳದ ದಿಬ್ಬದ ಅಂಚಿಗೆ ಮರದ ಎರೆಯನ್ನು ಬೀಸಿ, ನೀರಿನ ಮೇಲೆ ಸದ್ದು ಮಾಡಿಸುತ್ತ ಎಳೆಯಬೇಕು. ಎರಡನೆಯದರಲ್ಲಿ ಲೋಹದ ತುಂಡೊಂದನ್ನು ನೂರು ಮೀಟರ್ ಆಳಕ್ಕೆ ಬಿಟ್ಟು ಕುಣಿಸುತ್ತ ಮೇಲೆತ್ತಬೇಕು. ಎರಡಕ್ಕೂ ತೋಳಿನಲ್ಲಿ ಬಲ ಬೇಕು. ಪಾಪಿಂಗ್ ಮಾಡುವವರ ಆರಾಧ್ಯ ದೈವ ಜೈಂಟ್ ಟ್ರೆವಲಿ, ನಮ್ಮ ಕರಾವಳಿಯವರು ಕೊಕ್ಕರ್ ಎನ್ನುವ ಮೀನಿನ ಬಳಗದ ದೈತ್ಯ. ಅದರ ವಿಶ್ವದಾಖಲೆ 72.8 ಕೆ.ಜಿ., ಜಪಾನಿನ ದಕ್ಷಿಣದ ತೊಕಾರಾ ದ್ವೀಪಗಳಲ್ಲಿ 2006ರಲ್ಲಿ ಆದದ್ದು. ಆ ದಾಖಲೆಯನ್ನು ಮುರಿಯುವ ಆಸೆಯೇ ಎಷ್ಟೋ ಜನರನ್ನು ಅಂಡಮಾನಿಗೂ ಇಂಡೊನೇಷ್ಯಾಕ್ಕೂ ಎಳೆದು ತರುತ್ತದೆ.

ತಾಣಗಳಲ್ಲಿ ಮೊದಲು ರೊಂಪಿನ್. ಮಲೇಷ್ಯಾದ ಪೂರ್ವ ಕರಾವಳಿಯ ಪಹಾಂಗ್ ರಾಜ್ಯದ ಈ ಸಣ್ಣ ಊರು ಸೈಲ್‌ಫಿಶ್‌ಗೆ ಹೆಸರುವಾಸಿ. ಬೆನ್ನ ಮೇಲೆ ಹಾಯಿಯಂಥ ದೊಡ್ಡ ರೆಕ್ಕೆ ಇರುವ ಈ ಮೀನಿಗೆ ಮಲಯ ಭಾಷೆಯಲ್ಲೂ ಹಾಯಿಯದೇ ಹೆಸರು, ಇಕಾನ್ ಲಾಯಾರಾನ್. (ಗಂಟೆಗೆ 110 ಕಿ.ಮೀ. ವೇಗದಲ್ಲಿ ಈಜುತ್ತದೆ ಎಂದು ಶಾಲಾ ಪುಸ್ತಕಗಳಿಂದ ಹಿಡಿದು ಎಲ್ಲೆಲ್ಲೂ ಬರೆದಿರುತ್ತದೆ. ಈಚಿನ ಅಳತೆಗಳ ಪ್ರಕಾರ ಅದರ ವೇಗ 30–35 ಕಿ.ಮೀ. ಆಸುಪಾಸಿನದು. ಕಡಲಿನ ಕತೆಗಳು ಹೀಗೇ ಉಬ್ಬುತ್ತವೆ.) ಇಲ್ಲಿನ ಕಡಲು ಆಳವಾದದ್ದೇನಲ್ಲ. ಸುಂದಾ ಖಂಡದಂಚಿನ ಮೇಲೆ ಹರಡಿಕೊಂಡ ದಕ್ಷಿಣ ಚೀನಾ ಸಮುದ್ರದ ಈ ಭಾಗ ಕೆಲವೇ ಹತ್ತು ಮೀಟರ್ ಆಳದ್ದು. ಹಾಗಿದ್ದೂ ಈಶಾನ್ಯ ಮಾರುತ ಬೀಸುವ ಮುನ್ನ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಬೊಳಂಜಿರ್‌ನಂಥ ಸಣ್ಣ ಮೀನುಗಳ ಹಿಂಡನ್ನು ಅಟ್ಟಿಕೊಂಡು ಸೈಲ್‌ಫಿಶ್‌ಗಳು ಸಾಲುಸಾಲಾಗಿ ಬರುತ್ತವೆ. ದೋಣಿಯವರು ಮೊದಲು ಉಂಜಾಮ್ ಹತ್ತಿರ ಹೋಗುತ್ತಾರೆ. ಉಂಜಾಮ್ ಎಂದರೆ ಮೀನು ನೆರಳಿಗೆ ಸೇರಲೆಂದು ತೆಂಗಿನ ಗರಿಗಳನ್ನು ಹಗ್ಗಕ್ಕೆ ಕಟ್ಟಿ ಕಡಲಿನಲ್ಲಿ ಇಳಿಬಿಟ್ಟದ್ದು. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಕಪ್ಪೆ ಬೊಂಡಾಸ್ ಸೆಳೆಯಲು ತೆಂಗಿನ ಹೊಂಬಾಳೆ ಕಟ್ಟಿ ಬಿಡುವ, ಬಹಳ ಜಗಳಕ್ಕೂ ಕಾರಣವಾದ ಉಪಾಯದ ಸೋದರ. ಉಂಜಾಮ್ ಬಳಿ ಜೀವಂತ ಎರೆಮೀನು ಹಿಡಿದುಕೊಂಡು, ಹಕ್ಕಿಗಳು ಸುತ್ತುವ ಕಡೆ ದೋಣಿ ತಿರುಗಿಸುತ್ತಾರೆ. ಸೈಲ್‌ಫಿಶ್ ಕಚ್ಚಿ, ನೆಗೆದು, ಸೋತು ದೋಣಿಯ ಬದಿಗೆ ಬಂದಮೇಲೆ ಅದನ್ನು ನೀರಿಗೇ ಬಿಡುವುದು ಇಲ್ಲಿನ ಪದ್ಧತಿ. ಪಹಾಂಗ್ ರಾಜಮನೆತನದ ಹೆಸರಿನಲ್ಲಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿಯೂ ಇದೇ ನಿಯಮ.

ರೊಂಪಿನ್ ಯಶಸ್ಸನ್ನು ಮೀನಿನ ಸಮೃದ್ಧಿಯ ತಲೆಗೆ ಕಟ್ಟುವುದು ಸುಲಭ. ಆದರೆ ಅದರ ಹಿಂದೆ ಎರಡು ಲೌಕಿಕ ಕಾರಣಗಳಿವೆ. ಸೈಲ್‌ಫಿಶ್‌ಗೆ ಅಲ್ಲಿನ ಮಾರುಕಟ್ಟೆಯಲ್ಲಿ ಅಂಜಲ್‌ನಷ್ಟು ಬೆಲೆಯಿಲ್ಲ. ಮೀನು ಬಿಟ್ಟರೆ ಕಳೆದುಕೊಳ್ಳುವುದು ಕಡಿಮೆ, ಅದೇ ಮೀನನ್ನು ನಾಳೆ ಇನ್ನೊಬ್ಬ ಗಿರಾಕಿಗೆ ತೋರಿಸಿದರೆ ಬರುವುದು ಹೆಚ್ಚು. ಎರಡನೆಯದು, ದೋಣಿ ನಡೆಸುವವರಲ್ಲಿ ಮೀನುಗಾರಿಕೆಯಿಂದಲೇ ಬಂದ ಸ್ಥಳೀಯರಿದ್ದಾರೆ. ಬಿಟ್ಟ ಮೀನಿನ ಲಾಭ ಊರಿನಲ್ಲೇ ಉಳಿಯುವುದರಿಂದ ಬಿಡುವ ನಿಯಮಕ್ಕೆ ಊರೇ ಕಾವಲು. ಸರ್ಕಾರ ಕಾಯ್ದೆಗಳನ್ನು ಬರೆದು ಸಾಧಿಸಲಾಗದ್ದು ಹೀಗೆ ಅರ್ಧಕ್ಕರ್ಧ ತಾನಾಗಿಯೇ ಸಾಧ್ಯವಾಯಿತು.

ಬಿಟ್ಟ ಮೀನು ಬದುಕುತ್ತದೆಯೇ? ಈ ಪ್ರಶ್ನೆಗೆ ಉತ್ತರ ಇರದಿದ್ದರೆ ಮೇಲಿನ ವಾದಕ್ಕೆ ಬುಡವೇ ಇಲ್ಲ. ಉತ್ತರ ಗಾಳದ ಆಕಾರದಲ್ಲಿದೆ. ಹಳೆಯ, ನೇರ ಮೊನೆಯ ಗಾಳವನ್ನು ಮೀನು ನುಂಗಿದಾಗ ಅದು ಗಂಟಲಿಗೋ ಹೊಟ್ಟೆಗೋ ಸಿಕ್ಕಿಕೊಳ್ಳುತ್ತದೆ. ಮೊನೆ ಒಳಕ್ಕೆ ಬಾಗಿರುವ ವೃತ್ತಗಾಳ ಹೊಟ್ಟೆಯಿಂದ ಜಾರಿ ಬಂದು ದವಡೆಯ ಮೂಲೆಗೆ ನಾಟುತ್ತದೆ. ಹಾರಡೈಸ್ಕಿ ಮತ್ತು ಗ್ರೇವ್ಸ್ ಎಂಬ ವಿಜ್ಞಾನಿಗಳು ಪಶ್ಚಿಮ ಅಟ್ಲಾಂಟಿಕ್‌ನಲ್ಲಿ ಬಿಳಿ ಮಾರ್ಲಿನ್‌ಗಳಿಗೆ ಉಪಗ್ರಹ ಗುರುತುಗಳನ್ನು ಅಂಟಿಸಿ ಬಿಟ್ಟು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೃತ್ತಗಾಳಕ್ಕೆ ಸಿಕ್ಕ ಮೀನುಗಳೆಲ್ಲ ಬದುಕಿದ್ದವು. ನೇರ ಗಾಳಕ್ಕೆ ಸಿಕ್ಕವುಗಳಲ್ಲಿ ಬದುಕಿದ್ದು ಶೇ. 65 ಮಾತ್ರ. ಅಮೆರಿಕ ತನ್ನ ಅಟ್ಲಾಂಟಿಕ್ ಸ್ಪರ್ಧೆಗಳಲ್ಲಿ ನೈಸರ್ಗಿಕ ಎರೆ ಬಳಸುವಾಗ ವೃತ್ತಗಾಳವನ್ನು 2008ರಲ್ಲಿ ಕಡ್ಡಾಯ ಮಾಡಿದ್ದರ ಹಿಂದೆ ಇಂಥ ಪುರಾವೆಗಳಿದ್ದವು. ದಾಖಲೆಯ ಹುಚ್ಚಿಗೂ ಒಂದು ದಾರಿ ತೆರೆಯಿತು: ಮೀನನ್ನು ದಡಕ್ಕೆ ತಂದು ತೂಗುಹಾಕಿ ತೂಕ ನೋಡುವ ಬದಲು ಉದ್ದ ಅಳೆದು ಬಿಟ್ಟರೂ ದಾಖಲೆ ಸಲ್ಲುವ ವರ್ಗವನ್ನು ಅಂತರರಾಷ್ಟ್ರೀಯ ಸಂಘ 2011ರಲ್ಲಿ ತಂದಿತು. ಸತ್ತ ಮೀನಿನ ಪಕ್ಕ ನಿಂತು ತೆಗೆಸಿಕೊಳ್ಳುವ ಫೋಟೊಗಳಿಗೆ ಈಗ ಬೇರೆ ನೆಪ ಹುಡುಕಬೇಕು.

ಆದರೆ ಈ ವಿಜ್ಞಾನ ಎಲ್ಲ ಮೀನಿಗೂ ಒಂದೇ ಸಮ ಅನ್ವಯಿಸುವುದಿಲ್ಲ. ಜಾಹೀರಾತುಗಳು ಮುಚ್ಚಿಡುವ ಸತ್ಯ ಇದು. ಸೈಲ್‌ಫಿಶ್ ನೀರಿನ ಮೇಲ್ಪದರದಲ್ಲಿ ಕಚ್ಚುತ್ತದೆ, ಅಲ್ಲೇ ಬಿಡಬಹುದು. ಎಂಬತ್ತು, ನೂರು ಮೀಟರ್ ಆಳದಿಂದ ಎಳೆದು ತಂದ ಮುರು (ಗ್ರೂಪರ್) ಮೀನಿನ ಕತೆ ಬೇರೆ. ಮೇಲೆ ಬರುತ್ತ ಒತ್ತಡ ಇಳಿದಂತೆ ಅದರ ಗಾಳಿಚೀಲ ಉಬ್ಬಿ ಜಠರವನ್ನು ಬಾಯಿಗೆ ತಳ್ಳುತ್ತದೆ, ಕಣ್ಣು ಹೊರಚಾಚುತ್ತದೆ. ಅದನ್ನು ನೀರಿಗೆ ಬಿಡುವುದೆಂದರೆ ಹೊಟ್ಟೆ ಮೇಲಾಗಿ ತೇಲಲು ಬಿಡುವುದು. ತೂಕ ಕಟ್ಟಿ ಮತ್ತೆ ಆಳಕ್ಕಿಳಿಸುವ ಸಾಧನಗಳುಂಟು, ಅವನ್ನು ಬಳಸುವ ತಾಳ್ಮೆ ಬೇಕು. ಡಾಗ್‌ಟೂತ್ ಟ್ಯೂನಾದಂಥ ಮೀನು ಅರ್ಧ ಗಂಟೆಯ ಸೆಣಸಾಟದಲ್ಲಿ ಬಸವಳಿದು, ಬಿಟ್ಟ ಮರುಗಳಿಗೆ ಶಾರ್ಕ್ ಬಾಯಿಗೆ ಬೀಳುವುದೂ ಉಂಟು. ಅಂಡಮಾನ್ ಇದಕ್ಕೆ ತಕ್ಕ ಉದಾಹರಣೆ. ದಡದಿಂದ ಹೆಚ್ಚು ದೂರ ಹೋಗದೆಯೇ ಕಡಲತಳ ಕಡಿದಾಗಿ ಇಳಿಯುವುದು, ಪೋರ್ಟ್‌ಬ್ಲೇರ್‌ನಿಂದ ಸುಮಾರು 140 ಕಿ.ಮೀ. ದೂರದ ಬ್ಯಾರನ್ ದ್ವೀಪದ ಜೀವಂತ ಜ್ವಾಲಾಮುಖಿಯ ಬುಡದ ಬಂಡೆಗಳು, ಹವಳದ ಅಂಚುಗಳು, ಇವೆಲ್ಲ ಸೇರಿ ಅದನ್ನು ಪಾಪಿಂಗ್, ಜಿಗ್ಗಿಂಗ್ ಎರಡಕ್ಕೂ ಹೇಳಿಮಾಡಿಸಿದ ಜಾಗವಾಗಿಸಿವೆ. ಬೆಂಗಳೂರು, ಚೆನ್ನೈಗಳಿಂದ ಹೋಗುವವರಿಗೆ ಪಾಸ್‌ಪೋರ್ಟೂ ಬೇಕಿಲ್ಲ. ಆದರೆ ಅಲ್ಲಿನ ಗಾಳ ನಾಟುವುದು ಹೆಚ್ಚಾಗಿ ಒಂದೇ ದಿಬ್ಬಕ್ಕೆ ಅಂಟಿಕೊಂಡು ಬಾಳುವ, ನಿಧಾನ ಬೆಳೆಯುವ ಮೀನಿಗೆ. ದಿಬ್ಬವೊಂದರ ಹಿರಿಯ ಮೀನುಗಳನ್ನು ನಾಲ್ಕಾರು ಋತುಗಳಲ್ಲಿ ಖಾಲಿ ಮಾಡಲು ಟ್ರಾಲ್ ಬೋಟೇ ಬೇಕಿಲ್ಲ, ಹುಮ್ಮಸ್ಸಿನ ಗಾಳಗಾರರು ಸಾಕು. ಕ್ರೀಡಾ ಗಾಳದಿಂದ ಏನೂ ನಷ್ಟವಿಲ್ಲ ಎಂಬ ಮಾತು ಸೈಲ್‌ಫಿಶ್ ವಿಷಯದಲ್ಲಿ ಬಹುಪಾಲು ನಿಜ, ಮುರು ಮೀನಿನ ವಿಷಯದಲ್ಲಿ ಸುಳ್ಳು.

ದೊಡ್ಡ ದಿಬ್ಬಮೀನನ್ನು ಬಿಡಲು ಇನ್ನೂ ಒಂದು ಕಾರಣವಿದೆ, ನಮ್ಮ ಕರಾವಳಿಗೆ ಅದು ಅಪರಿಚಿತವಲ್ಲ. ಹವಳದ ಮೇಲಿನ ಸೂಕ್ಷ್ಮಜೀವಿಗಳಿಂದ ಹುಟ್ಟುವ ಸಿಗ್ವಟೆರಾ ಕಾಯಿಲೆ ತರುವ ವಿಷ ಮೀನಿನಿಂದ ಮೀನಿಗೆ ದಾಟುತ್ತ ದೊಡ್ಡ ಮೀನಿನಲ್ಲಿ ಶೇಖರವಾಗುತ್ತದೆ. ಬೇಯಿಸಿದರೂ ಹೋಗುವುದಿಲ್ಲ. 2016ರಲ್ಲಿ ಮಂಗಳೂರಿನ ಕಡೆ ಕೆಂಬೇರಿ ಜಾತಿಯ ಮೀನು ತಿಂದ ಅನೇಕರು ಇದೇ ವಿಷದಿಂದ ಅಸ್ವಸ್ಥರಾದರು. ಟ್ರೆವಲಿ, ಬ್ಯಾರಕುಡಾಗಳ ದೈತ್ಯರನ್ನು ಅಡುಗೆಮನೆಗೆ ಒಯ್ಯುವ ಹಟ ಬುದ್ಧಿವಂತಿಕೆಯದಲ್ಲ.

ಇನ್ನು ಬಲೆಯ ಮಾತು. ಹಿಂದೂ ಮಹಾಸಾಗರದ ಟ್ಯೂನಾ ಆಯೋಗ, ಅಂದರೆ ಸೆಶೆಲ್ಸ್‌ನಲ್ಲಿ ಕಚೇರಿಯಿರುವ ಐಒಟಿಸಿ, ಇಡುವ ಲೆಕ್ಕದ ಪ್ರಕಾರ ಈ ಸಾಗರದಲ್ಲಿ ಸಾಯುವ ಸೈಲ್‌ಫಿಶ್‌ನ ಬಹುಪಾಲು ಗಿಲ್‌ನೆಟ್ಟಿಗೆ, ಎಂದರೆ ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟು ಕಿವಿರಿಗೆ ಸಿಕ್ಕಿಸುವ ಬಲೆಗೆ, ಬೀಳುತ್ತದೆ. ಹಿಡಿಯುವವರಲ್ಲಿ ಇರಾನ್, ಭಾರತ, ಪಾಕಿಸ್ತಾನ, ಶ್ರೀಲಂಕಾ ಮುಂಚೂಣಿಯಲ್ಲಿವೆ. ಆಯೋಗ 2018ರಲ್ಲಿ ಸೈಲ್‌ಫಿಶ್‌ಗೆ ವರ್ಷಕ್ಕೆ 25,000 ಟನ್ ಮಿತಿ ಹಾಕಿತು, 60 ಸೆಂ.ಮೀ.ಗಿಂತ ಚಿಕ್ಕದನ್ನು ಇಟ್ಟುಕೊಳ್ಳಬಾರದೆಂದಿತು. ಆ ಬಳಿಕವೂ ಹಿಡಿತ ಮಿತಿ ಮೀರಿದ ವರ್ಷಗಳಿವೆ. ಪಟ್ಟೆ ಮಾರ್ಲಿನ್‌ನ ಸ್ಥಿತಿಯಂತೂ ಇನ್ನೂ ಕಷ್ಟದ್ದು, ಅತಿಯಾಗಿ ಹಿಡಿದು ಹಾಕಿದ ಮೀನೆಂದೇ ಆಯೋಗ ಅದನ್ನು ಗುರುತಿಸಿದೆ. ಇಷ್ಟು ಟನ್‌ಗಳ ಮುಂದೆ ಗಾಳದವರ ಪಾಲು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಥಾಯ್ಲೆಂಡ್ ಕೊಲ್ಲಿಯ ಪಾಠ ಇನ್ನೂ ಹಳೆಯದು. 1961ರಲ್ಲಿ ಅಲ್ಲಿ ಸಮೀಕ್ಷೆಯ ಟ್ರಾಲ್ ಬೋಟು ಗಂಟೆಗೆ ಸುಮಾರು 300 ಕೆ.ಜಿ. ಮೀನು ಎತ್ತುತ್ತಿತ್ತು. ಮೂರು ದಶಕಗಳಲ್ಲಿ ಅದು ಹತ್ತರಲ್ಲೊಂದು ಪಾಲಿಗೆ ಕುಸಿಯಿತು. ಆ ದೇಶದ ಇನ್ನೊಂದು ಬದಿಯ ಫುಕೆಟ್‌ನಲ್ಲಿ ರಾಚಾ ದ್ವೀಪಗಳ ಸುತ್ತ ಇಂದಿಗೂ ಸೈಲ್‌ಫಿಶ್ ಕಚ್ಚುತ್ತದೆ. ಸಿಮಿಲಾನ್ ರಾಷ್ಟ್ರೀಯ ಉದ್ಯಾನದೊಳಗೆ ಗಾಳವೂ ನಿಷಿದ್ಧ, ಮಳೆಗಾಲದಲ್ಲಿ ಉದ್ಯಾನವೇ ಮುಚ್ಚಿರುತ್ತದೆ. ಐರೋಪ್ಯ ಒಕ್ಕೂಟ ಅಕ್ರಮ ಮೀನುಗಾರಿಕೆಯ ಹೆಸರಿನಲ್ಲಿ 2015ರಲ್ಲಿ ಎಚ್ಚರಿಕೆಯ ಹಳದಿ ಚೀಟಿ ತೋರಿಸಿದ ಮೇಲೆ ಥಾಯ್ ಸರ್ಕಾರ ತನ್ನ ಮೀನುಗಾರಿಕೆಯ ಕಾನೂನುಗಳನ್ನೇ ಬದಲಿಸಿತು, 2019ರಲ್ಲಿ ಆ ಚೀಟಿ ಹಿಂದಕ್ಕೆ ಹೋಯಿತು. ಫುಕೆಟ್‌ನ ಗಾಳದವರ ಕೈಪಿಡಿಗಳಲ್ಲಿ ಈ ಇತಿಹಾಸದ ಸುಳಿವೂ ಇರುವುದಿಲ್ಲ. ಅವರ ಮೀನಿನ ಹಣೆಬರಹ ಬರೆದದ್ದು ಮಾತ್ರ ಇಂಥ ನಿರ್ಧಾರಗಳೇ.

ಇಂಡೊನೇಷ್ಯಾದಲ್ಲಿ ಇದು ಇನ್ನೂ ನಾಟಕೀಯವಾಗಿ ನಡೆಯಿತು. 2014ರಿಂದ 2019ರವರೆಗೆ ಮೀನುಗಾರಿಕಾ ಸಚಿವೆಯಾಗಿದ್ದ ಸುಸಿ ಪುಜಿಯಸ್ತುತಿ, ಅಕ್ರಮವಾಗಿ ನುಗ್ಗಿದ ವಿದೇಶಿ ಹಡಗುಗಳನ್ನು ಹಿಡಿದು ನಡುಸಮುದ್ರದಲ್ಲಿ ಮುಳುಗಿಸುವುದನ್ನೇ ನೀತಿ ಮಾಡಿಕೊಂಡರು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ನೀತಿಯಿಂದ ಆ ಕಡಲುಗಳಲ್ಲಿ ಒಟ್ಟು ಮೀನುಗಾರಿಕೆಯ ಒತ್ತಡ ಕನಿಷ್ಠ ಶೇ. 25ರಷ್ಟು ಇಳಿಯಿತೆಂದು ಲೆಕ್ಕ ಹಾಕಿತು. ಸುಂಬಾವಾ, ಕೊಮೊಡೊ, ಬಾಂದಾ ಸಮುದ್ರಗಳಲ್ಲಿ ಟ್ರೆವಲಿ ಹುಡುಕಿ ಹೋಗುವ ಗಾಳಗಾರ ಯಾವ ದೋಣಿಯ ಮಾಲೀಕನಿಗಿಂತಲೂ ಹೆಚ್ಚಿನ ಋಣಿ ಇಂಥ ನೀತಿಗೆ. ಫಿಲಿಪ್ಪೀನ್ಸ್‌ನ ಸಿಯಾರ್ಗಾವ್ ದ್ವೀಪದ ಪಿಲಾರ್‌ನಲ್ಲಿ ಸೈಲ್‌ಫಿಶ್ ಸ್ಪರ್ಧೆ ನಡೆಯುತ್ತದೆ, ಜನರಲ್ ಸಾಂಟೋಸ್‌ನ ಬಡ ಕೈಗಾಳದವರು ದೊಡ್ಡ ಟ್ಯೂನಾ ಹಿಡಿಯುತ್ತಾರೆ. ಇಬ್ಬರ ಬದುಕೂ ಪಯಾವ್ ಎಂಬ ತೇಲುಗುರುತುಗಳ ಸುತ್ತ ಬಲೆ ಬೀಸುವ ದೊಡ್ಡ ಹಡಗುಗಳ ಕೈಯಲ್ಲಿದೆ. ಮ್ಯಾನ್ಮಾರ್‌ನ ಮೆರ್ಗುಯಿ ದ್ವೀಪಸಮೂಹ 1997ರ ತನಕ ವಿದೇಶಿಯರಿಗೆ ಮುಚ್ಚಿತ್ತು. ಆ ಕಾರಣಕ್ಕೇ ಅಲ್ಲಿ ಯಾರೂ ಮುಟ್ಟದ ಕಡಲಿದೆ ಎಂಬ ಕನಸನ್ನು ಮಾರುತ್ತಾರೆ. ಪ್ರವಾಸಿಗೆ ಮುಚ್ಚಿದ ಕಡಲು ಟ್ರಾಲ್ ಬೋಟಿಗೂ, ಸಿಡಿಮದ್ದಿನವರಿಗೂ ಮುಚ್ಚಿರುತ್ತದೆ ಎಂದುಕೊಳ್ಳುವುದು ಮುಗ್ಧತೆ.

ಈ ಎಲ್ಲದರ ನಡುವೆ ಮಾಲ್ದೀವ್ಸ್ ಬೇರೆಯಾಗಿ ನಿಲ್ಲುತ್ತದೆ. ಅಲ್ಲಿ ಟ್ಯೂನಾ ಹಿಡಿಯುವುದೇ ಗಾಳದಲ್ಲಿ: ದೋಣಿಯ ಹಿಂಬದಿಗೆ ಸಾಲಾಗಿ ನಿಂತು, ಜೀವಂತ ಎರೆಮೀನು ಚೆಲ್ಲಿ, ಕೋಲಿನ ತುದಿಯಿಂದ ಒಂದೊಂದೇ ಮೀನನ್ನು ಎತ್ತಿ ಎಸೆಯುವ ಶತಮಾನಗಳ ಹಳೆಯ ಕ್ರಮ. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲಿಯೂ ಇದೇ ಕುಲದ ವಿದ್ಯೆ. ಟ್ಯೂನಾಕ್ಕೆ ಸುತ್ತುಬಲೆ, ಗಿಲ್‌ನೆಟ್ ಬೀಸುವುದನ್ನು ಮಾಲ್ದೀವ್ಸ್ ಒಪ್ಪುವುದಿಲ್ಲ. ಸ್ಕಿಪ್‌ಜ್ಯಾಕ್ ಟ್ಯೂನಾದ ಈ ಕೋಲುಗಾಳಕ್ಕೆ 2012ರಲ್ಲಿ ಸುಸ್ಥಿರತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಬಂತು. 2010ರಲ್ಲಿ ಶಾರ್ಕ್ ಹಿಡಿಯುವುದನ್ನು ದೇಶದ ಇಡೀ ಕಡಲಿನಲ್ಲಿ ನಿಷೇಧಿಸಿದರು. ಅದಕ್ಕೆ ಬಹಳ ಮೊದಲೇ, 1993ರಲ್ಲಿ, ಆ್ಯಂಡರ್ಸನ್ ಮತ್ತು ಅಹ್ಮದ್ ಎಂಬಿಬ್ಬರು ಅಲ್ಲಿ ಒಂದು ಲೆಕ್ಕ ಮಾಡಿದ್ದರು: ಒಂದು ಬೂದು ಹವಳ ಶಾರ್ಕನ್ನು ಕೊಂದರೆ ಮೀನುಗಾರನಿಗೆ ಒಂದು ಸಲಕ್ಕೆ 32 ಡಾಲರ್, ಬದುಕಲು ಬಿಟ್ಟರೆ ಮುಳುಗುಗಾರರಿಂದ ಬರುವ ಆದಾಯ ವರ್ಷಕ್ಕೆ 3,300 ಡಾಲರ್. ಈ ಅಂಕಿಯನ್ನು ಗಾಳದವರೂ ತಮ್ಮ ಪರವಾಗಿ ಎತ್ತಿ ಹೇಳುವುದುಂಟು. ಎತ್ತುವ ಮುನ್ನ ಒಂದು ಮಾತು ನೆನಪಿಡಬೇಕು. ಮುಳುಗುಗಾರ ನೋಡಿದ ಶಾರ್ಕ್‌ಗೆ ಗಾಯವಾಗುವುದಿಲ್ಲ. ಗಾಳಕ್ಕೆ ಸಿಕ್ಕ ಮೀನಿಗೆ ಆಗುತ್ತದೆ. ಅದರ ಬೆಲೆ ಮರುಕಳಿಸಬೇಕಾದರೆ ಅದು ಬದುಕಿ ಉಳಿಯಲೇಬೇಕು, ಅಂದರೆ ಮತ್ತೆ ವೃತ್ತಗಾಳದ, ಆಳದ, ಶಿಸ್ತಿನ ಪ್ರಶ್ನೆಗೇ ಬರುತ್ತೇವೆ.

ಮಾಲ್ದೀವ್ಸನ್ನೂ ಪೂರ್ತಿ ಹೊಗಳಿ ಮುಗಿಸಲಾಗದು. ರೆಸಾರ್ಟುಗಳ ತಟ್ಟೆಗೂ ಹಾಂಗ್‌ಕಾಂಗ್‌ನ ಜೀವಂತ ಮೀನಿನ ಮಾರುಕಟ್ಟೆಗೂ ದಿಬ್ಬಮೀನು ಬೇಕಾಯಿತು. 1994ರ ಸುಮಾರಿಗೆ ಶುರುವಾದ ಮುರು ಮೀನಿನ ರಫ್ತು ಕೆಲವೇ ವರ್ಷಗಳಲ್ಲಿ ಆ ಮೀನನ್ನು ವಿರಳಗೊಳಿಸಿತು. ಶಾರ್ಕ್ ನಿಷೇಧದ ಮೇಲೂ ಗೊಣಗಾಟವಿದೆ: ಗಾಳಕ್ಕೆ ಸಿಕ್ಕ ಮೀನನ್ನು ಮೇಲೆತ್ತುವಷ್ಟರಲ್ಲಿ ಶಾರ್ಕ್ ಕಚ್ಚಿಕೊಂಡು ಹೋಗುತ್ತದೆ ಎಂಬ ಮೀನುಗಾರರ ದೂರು 2021ರಲ್ಲಿ ಎಷ್ಟು ಬಲವಾಯಿತೆಂದರೆ, ನಿಷೇಧ ತೆಗೆಯುವ ಮಾತು ಎದ್ದು, ವಿರೋಧದ ಗದ್ದಲದ ನಡುವೆ ಸರ್ಕಾರ ಅಂಥ ಯೋಚನೆಯಿಲ್ಲ ಎನ್ನಬೇಕಾಯಿತು. ಸಂರಕ್ಷಣೆ ಗೆದ್ದಾಗಲೂ ಅದರ ಖರ್ಚು ಯಾರದೋ ದೋಣಿಯ ಮೇಲೆ ಬೀಳುತ್ತದೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. ಮಾರ್ಲಿನ್, ಟ್ಯೂನಾಗಳು ಒಂದೂರಿನ ಮೀನುಗಳೇ ಅಲ್ಲ. ಅಮೆರಿಕದ ಡೆಲವೇರ್ ಕರಾವಳಿಯಲ್ಲಿ ಗುರುತು ಹಾಕಿ ಬಿಟ್ಟ ನೀಲಿ ಮಾರ್ಲಿನ್ ಒಂದು ಮೂರು ವರ್ಷದ ಮೇಲೆ ಮಾರಿಷಸ್ ಬಳಿ ಸಿಕ್ಕ ದಾಖಲೆಯಿದೆ. ಹೀಗಿರುವಾಗ ರೊಂಪಿನ್‌ನವರು ಬಿಟ್ಟ ಮೀನನ್ನು ನೆರೆದೇಶದ ಬಲೆ ಬಾಚಿಕೊಂಡರೆ ಬಿಟ್ಟು ಬಂದ ಭಾಗ್ಯವೇನು ಎಂಬುದು ಪ್ರಶ್ನೆ. ತೂಕವಿರುವ ಪ್ರಶ್ನೆಯೇ. ಆದರೆ ಇದರಿಂದ ಸಿದ್ಧವಾಗುವುದು ನಿಯಮ ಬೇಡವೆಂದಲ್ಲ, ನಿಯಮ ದೊಡ್ಡದಾಗಬೇಕೆಂದು. ಮೇಲಾಗಿ ಸೈಲ್‌ಫಿಶ್ ಮಾರ್ಲಿನ್‌ಗಿಂತ ಕರಾವಳಿಗೆ ಹೆಚ್ಚು ಅಂಟಿಕೊಂಡಿರುವ ಮೀನು, ಟ್ರೆವಲಿಯಂತೂ ದಿಬ್ಬವಾಸಿ. ಊರಿನ ನಿಯಮ ಇವಕ್ಕೆ ನಿಜವಾಗಿಯೂ ಫಲ ಕೊಡುತ್ತದೆ. ದೂರ ಹೋಗುವ ಮೀನುಗಳಿಗೆ ಬೇಕಾದದ್ದು ಆಯೋಗದಂಥ ವೇದಿಕೆ. ಅಲ್ಲಿ ಕೂತು ಮಾತಾಡುವವರು ಟ್ಯೂನಾ ಉದ್ಯಮದವರು. ಪ್ರವಾಸೋದ್ಯಮ ಇಲಾಖೆಗೆ ಅಲ್ಲಿ ಕುರ್ಚಿಯಿಲ್ಲ. 2.5 ಕಿ.ಮೀ.ಗಿಂತ ಉದ್ದದ ತೇಲುಬಲೆಗಳನ್ನು ಅಂತರರಾಷ್ಟ್ರೀಯ ಕಡಲಿನಲ್ಲಿ ವಿಶ್ವಸಂಸ್ಥೆ ಮೂರು ದಶಕಗಳ ಹಿಂದೆಯೇ ನಿಲ್ಲಿಸಲು ಹೇಳಿತ್ತು. ಐಒಟಿಸಿ ಅದನ್ನು ದೇಶಗಳ ಸ್ವಂತ ಕಡಲಿಗೂ 2022ರಿಂದ ವಿಸ್ತರಿಸಿತು, ಪಾಕಿಸ್ತಾನ ಆಕ್ಷೇಪಿಸಿತು. ಗಾಳದ ತಾಣದ ಭವಿಷ್ಯ ಚರ್ಚೆಯಾಗುವುದು ಇಂಥ ಕೊಠಡಿಗಳಲ್ಲಿ.

ಎರಡನೆಯ ಆಕ್ಷೇಪ ವರ್ಗದ್ದು. ಬಡವನ ಬಲೆ ತಡೆದು ಸಿರಿವಂತನ ಮೋಜಿಗೆ ಮೀನು ಸಾಕಬೇಕೇ? ಇದಕ್ಕೆ ಜಾಣತನದ ಉತ್ತರ ಕೊಡುವುದು ಸಲ್ಲದು. ಒಂದು ದಿನದ ದೋಣಿ ಬಾಡಿಗೆ ಮೀನುಗಾರ ಕುಟುಂಬವೊಂದರ ವಾರಗಳ ದುಡಿಮೆಗೆ ಸಮನಾಗಿರುವ ಕಡೆ, ಆ ಹಣ ಹೊರಗಿನ ಕಂಪನಿಗೆ ಹೋಗುವಂತಿದ್ದರೆ ಆಕ್ಷೇಪವೇ ಸರಿ. ಅಂಥ ತಾಣ ಬಾಳುವುದೂ ಇಲ್ಲ, ಏಕೆಂದರೆ ರಾತ್ರಿ ಹೊತ್ತು ಅಲ್ಲಿ ಬಲೆ ಬಿಡದಂತೆ ಕಾಯುವ ಮನಸ್ಸು ಯಾರಿಗೂ ಇರುವುದಿಲ್ಲ. ಮಾಲ್ದೀವ್ಸ್‌ನಲ್ಲಿ 1972ರಲ್ಲಿ ಪ್ರವಾಸೋದ್ಯಮ ಶುರುವಾದಾಗಿನಿಂದ ದಶಕಗಳ ಕಾಲ ಪ್ರವಾಸಿಗರು ಜನವಸತಿಯಿಲ್ಲದ ರೆಸಾರ್ಟ್ ದ್ವೀಪಗಳಲ್ಲೇ ಇರುತ್ತಿದ್ದರು. 2009ರ ಹೊತ್ತಿಗೆ ಜನ ವಾಸಿಸುವ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಅನುಮತಿ ಸಿಕ್ಕ ಮೇಲೆ ಊರಿನ ದೋಣಿಯವನೂ ನೇರವಾಗಿ ಗಿರಾಕಿಯನ್ನು ಕರೆದೊಯ್ಯುವ ದಾರಿಯಾಯಿತು. ಮೀನು ಬಿಡುವ ನಿಯಮಕ್ಕಿಂತ ಇಂಥ ಅನುಮತಿಪತ್ರವೇ ಕೆಲವೊಮ್ಮೆ ಹೆಚ್ಚಿನ ಸಂರಕ್ಷಣೆ ಮಾಡುತ್ತದೆ. ಇನ್ನು ಬಲೆ ತಡೆಯುವ ಮಾತು. ತಡೆಯಬೇಕಾದದ್ದು ಹೆಚ್ಚಾಗಿ ಬಡವನ ಬಲೆಯನ್ನಲ್ಲ. ದಡದ ಹತ್ತಿರ ನುಗ್ಗುವ ಟ್ರಾಲ್ ಬೋಟು, ಕಿಲೋಮೀಟರುಗಟ್ಟಲೆ ತೇಲುಬಲೆ, ಮೀನು ಸೆಳೆಯಲು ಹಾಕುವ ಕಣ್ಣು ಕೋರೈಸುವ ದೀಪ, ಇವು ಗಾಳಗಾರನಿಗೂ ನಾಡದೋಣಿಯವನಿಗೂ ಸಮಾನ ಶತ್ರುಗಳು.

ಮೂರನೆಯದು ಹಿಂಸೆಯ ಪ್ರಶ್ನೆ, ನನಗೆ ಅತಿ ಕಠಿಣವೆನಿಸುವುದೂ ಇದೇ. ಮೀನಿಗೆ ನೋವಿಲ್ಲ ಎಂದು ಗಾಳದವರು ಹೇಳಿಕೊಂಡು ಬಂದ ಸಮಾಧಾನವನ್ನು 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿ, ತಲೆಯಲ್ಲಿ ನೋವನ್ನು ಗ್ರಹಿಸುವ ನರತುದಿಗಳಿವೆ ಎಂದು ತೋರಿಸಿ ಕದಡಿದರು. ಜರ್ಮನಿಯಲ್ಲಿ, 2009ರಿಂದ ಸ್ವಿಟ್ಜರ್ಲೆಂಡಿನಲ್ಲಿ, ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದು ಕಾನೂನಿಗೆ ವಿರುದ್ಧ: ತಿನ್ನಲು ಹಿಡಿ, ಆಡಲು ಹಿಡಿಯಬೇಡ ಎಂಬುದು ಅಲ್ಲಿನ ತರ್ಕ. ಈ ತರ್ಕವನ್ನು ಸುಲಭವಾಗಿ ಸೋಲಿಸಲಾಗದು, ಸೋಲಿಸಲು ನಾನು ಯತ್ನಿಸುವುದೂ ಇಲ್ಲ. ಕ್ರೀಡಾ ಗಾಳಕ್ಕೆ ಉಳಿದಿರುವ ಸಮರ್ಥನೆ ಒಂದೇ. ಆ ಅರ್ಧ ಗಂಟೆಯ ಹಿಂಸೆಯಿಂದ ಬರುವ ಹಣವೂ ಒತ್ತಡವೂ ಆ ಕಡಲಿನಲ್ಲಿ ಬಲೆಗೆ ಸಿಕ್ಕಿ ಸಾಯುವ ಮೀನಿನ ಸಂಖ್ಯೆಯನ್ನು ಇಳಿಸುವಂತಿದ್ದರೆ ಅದನ್ನು ಸಹಿಸಬಹುದು. ಇಳಿಸದಿದ್ದರೆ ಅದು ದುಬಾರಿ ಕ್ರೌರ್ಯವಷ್ಟೇ. ಯಾವ ತಾಣವನ್ನೂ ಈ ಒರೆಗೆ ಹಚ್ಚಿ ನೋಡಬಹುದು. ನನ್ನ ಎಣಿಕೆಯಲ್ಲಿ ರೊಂಪಿನ್ ಪಾಸಾಗುತ್ತದೆ, ಮಾಲ್ದೀವ್ಸ್‌ನ ಹೊರಗಡಲು ಪಾಸಾಗುತ್ತದೆ, ಆಳದ ಜಿಗ್ಗಿಂಗ್ ಎಲ್ಲಿ ನಡೆದರೂ ಬಹುಮಟ್ಟಿಗೆ ಫೇಲಾಗುತ್ತದೆ.

ಗಾಳದವರಿಂದ ಸಿಗಬಹುದಾದ ಇನ್ನೊಂದು ಪ್ರಯೋಜನವನ್ನು ಕನ್ನಡಿಗರು ಬೇರೆಡೆ ಹುಡುಕಬೇಕಿಲ್ಲ, ಕಾವೇರಿಯ ದಡದಲ್ಲೇ ಇದೆ. ಅದು ಸಿಹಿನೀರಿನ ಕತೆಯಾದರೂ ಪಾಠ ಕಡಲಿಗೂ ಸಲ್ಲುತ್ತದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳ ಗಾಳ ಶಿಬಿರಗಳಲ್ಲಿ ಮಹಶೀರ್ ಹಿಡಿದು ತೂಗಿ ಬಿಡುವ ಪದ್ಧತಿಯಿತ್ತು. ಹಿಂದೆ ಕಳ್ಳಬೇಟೆಯಾಡುತ್ತಿದ್ದವರಿಗೂ ಅಲ್ಲಿ ಕಾವಲಿನ ಕೆಲಸ ಸಿಕ್ಕಿತ್ತು. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂಬ ನಿಲುವಿನಿಂದ 2010ರ ದಶಕದ ಆರಂಭದಲ್ಲಿ ಅದು ನಿಂತಿತು. ಆದರೆ ಗಾಳಿಬೋರೆಯ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ದಿನಚರಿಗಳು ಉಳಿದಿದ್ದವು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಆ ಪುಟಗಳಿಂದಲೇ, ಹೊರಗಿನಿಂದ ತಂದುಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತ, ಕಾವೇರಿಯ ಸ್ವಂತ ಗೂನುಬೆನ್ನಿನ ಮಹಶೀರ್ ನಶಿಸುತ್ತ ಬಂದದ್ದನ್ನು ಪತ್ತೆ ಹಚ್ಚಿದರು. 2018ರಲ್ಲಿ ಆ ಮೀನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಮೀನುಗಾರಿಕಾ ಇಲಾಖೆಯ ಬಳಿಯೂ ಇರದ ಲೆಕ್ಕ ಮೋಜುಗಾರರ ನೋಟ್‌ಬುಕ್ಕಿನಲ್ಲಿತ್ತು! ಕಡಲಿನಲ್ಲಿ ಇದಕ್ಕೆ ತದ್ವಿರುದ್ಧ. ಕ್ರೀಡಾ ಗಾಳದ ಅಂಕಿಅಂಶ ಸರಿಯಾಗಿ ಬರುತ್ತಿಲ್ಲ ಎಂಬುದು ಐಒಟಿಸಿಯ ಹಳೆಯ ಕೊರಗು. ಪ್ರತಿ ದೋಣಿಗೂ ಪರವಾನಗಿ, ಪರವಾನಗಿಗೆ ಬದಲಾಗಿ ದಿನಚರಿ ಎಂಬ ಸರಳ ಷರತ್ತನ್ನು ಮೀನುಗಾರಿಕಾ ಇಲಾಖೆ ಹಾಕಬಲ್ಲದು. ಪ್ರವಾಸೋದ್ಯಮ ಇಲಾಖೆಗೆ ಇದು ಹೊಳೆಯುವುದೇ ಇಲ್ಲ.

ಭಾರತದ ಮಟ್ಟಿಗೆ ಇದನ್ನು ಈಗಲೇ ಯೋಚಿಸುವುದು ಒಳ್ಳೆಯದು. ದೇಶದ ಆರ್ಥಿಕ ವಲಯದ ಕಡಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಅಂಡಮಾನ್–ನಿಕೋಬಾರ್ ಸುತ್ತಲಿನದು. ಕರ್ನಾಟಕದ ಕರಾವಳಿಯಲ್ಲೂ ಕಡಲ ಪ್ರವಾಸದ ಮಾತು ಮತ್ತೆ ಮತ್ತೆ ಏಳುತ್ತದೆ, ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮುಳುಗಲು ಹೋಗುವವರ ಸಾಲಿನ ಹಿಂದೆ ಗಾಳದವರೂ ಬರುವುದು ಖಂಡಿತ. ಇಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ, ಜೂನ್–ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧವಿದೆ, ಬೆಳಕು ಹಾಕಿ ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಲ್ಲಿಸಿದ ಆದೇಶವಿದೆ. ಆದೇಶ ಜಾರಿಯಾಗಲಿ ಎಂದು ನಾಡದೋಣಿಯವರು ಬೀದಿಗಿಳಿದದ್ದೂ ಆಗಿದೆ. ನೇತ್ರಾಣಿಯ ಸುತ್ತ ಗಾಳದ ದೋಣಿಗೆ ಪರವಾನಗಿ ಕೊಡುವ ದಿನ ಬಂದರೆ ಅದು ಮೊದಲು ಭಟ್ಕಳ, ಮುರುಡೇಶ್ವರದ ಮೀನುಗಾರರ ಸೊಸೈಟಿಗೆ ಸಿಗಬೇಕು, ಆಳದ ಜಿಗ್ಗಿಂಗ್ ಅದರಲ್ಲಿ ಇರಬಾರದು.

ಅಷ್ಟರೊಳಗೆ ಅಂಡಮಾನಿಗೋ ಮಾಲ್ದೀವ್ಸಿಗೋ ಹೊರಟಿರುವ ಓದುಗರು ಮುಂಗಡ ಕಟ್ಟುವ ಮೊದಲು ದೋಣಿಯವರನ್ನು ಕೇಳಿ: ಎರೆ ಕಟ್ಟುವುದು ಯಾವ ಗಾಳಕ್ಕೆ? ಆಳದಿಂದ ಬಂದ ಮೀನನ್ನು ಹೇಗೆ ಇಳಿಸುತ್ತೀರಿ? ದೋಣಿ ನಡೆಸುವವರು ಯಾವ ಊರಿನವರು? ಹಿಡಿದದ್ದರ ಲೆಕ್ಕ ಯಾರಿಗೆ ಕೊಡುತ್ತೀರಿ? ಉತ್ತರಕ್ಕೆ ತಡವರಿಸಿದರೆ ಬೇರೆ ದೋಣಿ ನೋಡಿಕೊಳ್ಳಿ.